ಬಿಸಿಲು ಚೆನ್ನಾಗಿದೆ, ಯೂನಿಟ್ ಕಡಿಮೆ: ಗ್ರಿಡ್‌ಗೆ ಜೋಡಿಸಿದ ಸಣ್ಣ ಸೋಲಾರ್‌ನಲ್ಲಿ ದೋಷ ಹುಡುಕುವ ಬಗೆ

ಸೋಲಾರ್ ಕಡಿಮೆ ಕೊಡುತ್ತಿದೆ ಅನ್ನಿಸಿದ ತಕ್ಷಣ ಏಣಿ ಹಾಕಬೇಡಿ. ಮೊದಲು ಮೊಬೈಲ್ ತೆಗೆಯಿರಿ, ಇನ್ವರ್ಟರ್‌ನ (ಪ್ಯಾನಲ್‌ನ ಡಿಸಿ ವಿದ್ಯುತ್ತನ್ನು ಮನೆ ಬಳಸುವ ಏಸಿಗೆ ಬದಲಿಸುವ ಪೆಟ್ಟಿಗೆ) ಆಪ್ ತೆರೆಯಿರಿ, ಮೋಡವೇ ಇಲ್ಲದ ಒಂದು ದಿನದ ಗ್ರಾಫ್ ನೋಡಿ. ದೋಷ ಎಲ್ಲಿದೆ ಎಂಬ ಸುಳಿವು ಬಹಳ ಸಲ ಅಲ್ಲೇ ಸಿಗುತ್ತದೆ. ನಮ್ಮ ಮನೆಯ 5 ಕಿಲೋವ್ಯಾಟ್ ಸಿಸ್ಟಮ್ ಕಡಿಮೆ ಕೊಡಲು ಶುರುಮಾಡಿದಾಗ ತಿಂಗಳುಗಟ್ಟಲೆ ಪ್ಯಾನಲ್ ತೊಳೆದೆವು. ದೋಷ ಇದ್ದದ್ದು ಪ್ಯಾನಲ್‌ನಲ್ಲಿ ಅಲ್ಲ, ಇನ್ವರ್ಟರ್‌ನಿಂದ ಮೀಟರ್‌ಗೆ ಹೋಗುವ ಕೇಬಲ್‌ನಲ್ಲಿ. ಗ್ರಾಫ್ ಮೊದಲ ದಿನದಿಂದಲೇ ಅದನ್ನು ತೋರಿಸುತ್ತಿತ್ತು. ನಮಗೆ ಓದಲು ಬರುತ್ತಿರಲಿಲ್ಲ, ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಜವಾಗಲೂ ಕಡಿಮೆಯಾ?

ಯಾವ ಮೀಟರ್ ನೋಡುತ್ತಿದ್ದೀರಿ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಬಿಲ್‌ನಲ್ಲಿ ಬರುವ ಎಕ್ಸ್‌ಪೋರ್ಟ್ ಯೂನಿಟ್ ನಿಮ್ಮ ಉತ್ಪಾದನೆ ಅಲ್ಲ. ಮನೆ ಬಳಸಿ ಉಳಿದದ್ದು ಮಾತ್ರ ಗ್ರಿಡ್‌ಗೆ ಹೋಗುತ್ತದೆ. ಮಧ್ಯಾಹ್ನ ಪಂಪ್ ಓಡಿಸಿದರೆ, ಹೊಸದಾಗಿ ಏರ್ ಕಂಡೀಷನರ್ ಹಾಕಿಸಿದರೆ ಎಕ್ಸ್‌ಪೋರ್ಟ್ ಇಳಿಯುತ್ತದೆ, ಆದರೆ ಪ್ಯಾನಲ್ ಎಂದಿನಂತೆಯೇ ಕೊಡುತ್ತಿರುತ್ತದೆ. ಹಾಗಾಗಿ ಇನ್ವರ್ಟರ್‌ನ ಒಟ್ಟು ಯೂನಿಟ್ ನೋಡಿ, ಇಲ್ಲವೇ ಉತ್ಪಾದನೆಗೇ ಬೇರೆ ಮೀಟರ್ ಇದ್ದರೆ ಅದನ್ನು ನೋಡಿ. ಇನ್ವರ್ಟರ್ ತೋರಿಸುವ ಲೆಕ್ಕ ಮೀಟರ್ ಲೆಕ್ಕಕ್ಕಿಂತ ಕೆಲವು ಶೇಕಡಾ ಆಚೀಚೆ ಇರಬಹುದು. ಪರವಾಗಿಲ್ಲ. ಅದನ್ನು ಅದರ ಹಳೆಯ ಲೆಕ್ಕದ ಜೊತೆಗೇ ಹೋಲಿಸಿದರೆ ಸಾಕು.

ಇನ್ನು ಎಷ್ಟು ಬರಬೇಕು? ಲೆಕ್ಕ ಸುಲಭ. ಪ್ಯಾನಲ್‌ಗಳ ಒಟ್ಟು ಕಿಲೋವ್ಯಾಟ್, ಪ್ಯಾನಲ್ ಮೇಲೆ ದಿನಕ್ಕೆ ಒಂದು ಚದರ ಮೀಟರ್‌ಗೆ ಬೀಳುವ ಬಿಸಿಲು ಎಷ್ಟು ಯೂನಿಟ್, ಇವೆರಡನ್ನೂ ಗುಣಿಸಿ. ಬಂದದ್ದರಲ್ಲಿ ಸುಮಾರು 75ರಿಂದ 85% ನಿಮ್ಮ ಕೈಗೆ ಸಿಗಬೇಕು. ಈ ಶೇಕಡಾವನ್ನೇ ಪರ್ಫಾರ್ಮೆನ್ಸ್ ರೇಶಿಯೋ ಅನ್ನುತ್ತಾರೆ. 5 ಕಿಲೋವ್ಯಾಟ್ ಸಿಸ್ಟಮ್, ಬಿಸಿಲು 5 ಯೂನಿಟ್, ರೇಶಿಯೋ 78% ಅಂದುಕೊಂಡರೆ 19.5 ಯೂನಿಟ್. ನಿಮ್ಮ ಜಾಗದ ಬಿಸಿಲಿನ ಲೆಕ್ಕ ಬೇಕಿದ್ದರೆ ಯುರೋಪಿಯನ್ ಕಮಿಷನ್‌ನ ಪಿವಿಜಿಐಎಸ್, ಅಮೆರಿಕದ ಎನ್‌ಆರ್‌ಇಎಲ್ ರೂಪಿಸಿದ ಪಿವಿವ್ಯಾಟ್ಸ್ ಎರಡೂ ಉಚಿತವಾಗಿ ಕೊಡುತ್ತವೆ. ಪ್ಯಾನಲ್‌ನ ಇಳಿಜಾರು, ದಿಕ್ಕು ಕೊಟ್ಟರೆ ತಿಂಗಳುವಾರು ಅಂದಾಜು ಬರುತ್ತದೆ. ಒಂದು ವಿಷಯ ನೆನಪಿರಲಿ. ಎರಡರಲ್ಲೂ ನೀವು ಏನೂ ಬದಲಿಸದಿದ್ದರೆ ಸುಮಾರು 14% ಸಿಸ್ಟಮ್ ನಷ್ಟವನ್ನು ಮೊದಲೇ ಕಳೆದಿರುತ್ತಾರೆ. ನೀವು ಮತ್ತೆ ಕಳೆಯಬೇಡಿ.

5 ಕಿಲೋವ್ಯಾಟ್ ಹಾಕಿಸಿದೆ, ಒಂದು ದಿನವೂ 5 ತೋರಿಸಿಲ್ಲ ಎಂದು ಬಹಳ ಜನ ಬೇಸರ ಮಾಡಿಕೊಳ್ಳುತ್ತಾರೆ. ಇದು ದೋಷ ಅಲ್ಲ. ಪ್ಯಾನಲ್ ಹಿಂದೆ ಬರೆದಿರುವ ವ್ಯಾಟ್ ಪ್ರಯೋಗಾಲಯದ್ದು: ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು, ಸೆಲ್‌ನ ಬಿಸಿ 25 ಡಿಗ್ರಿ. ಉರಿಬಿಸಿಲಲ್ಲಿ ಸೆಲ್ 60 ಡಿಗ್ರಿ ಮುಟ್ಟುವುದು ಮಾಮೂಲಿ. ಸಿಲಿಕಾನ್ ಪ್ಯಾನಲ್ ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.35% ಕಳೆದುಕೊಳ್ಳುತ್ತದೆ. 35 ಡಿಗ್ರಿ ಜಾಸ್ತಿ ಅಂದರೆ 12% ಹೋಯಿತು. 5 ಇದ್ದದ್ದು 4.4 ಆಯಿತು. ಉಳಿದ ನಷ್ಟವನ್ನು ಇನ್ನೂ ಸೇರಿಸಿಲ್ಲ. ಗಾಳಿ ಬೀಸುವ ತಂಪು ದಿನ, ಮೋಡ ಸರಿದು ಬಿಸಿಲು ಬಿದ್ದ ಆ ಒಂದೆರಡು ನಿಮಿಷದಲ್ಲಿ ಅತಿ ದೊಡ್ಡ ಸಂಖ್ಯೆ ಕಾಣುವುದೂ ಇದಕ್ಕೇ: ಪ್ಯಾನಲ್ ಇನ್ನೂ ತಣ್ಣಗಿರುತ್ತದೆ.

ವಯಸ್ಸಾಯಿತು, ಅದಕ್ಕೇ ಇಳಿದಿದೆ ಅನ್ನುವವರೂ ಇದ್ದಾರೆ. ಸಿಲಿಕಾನ್ ಪ್ಯಾನಲ್ ಸಾಮಾನ್ಯವಾಗಿ ವರ್ಷಕ್ಕೆ ಅರ್ಧ ಶೇಕಡಾದ ಆಸುಪಾಸಿನಲ್ಲಿ ಸವೆಯುತ್ತದೆ, ಮೊದಲ ವರ್ಷ ಸ್ವಲ್ಪ ಜಾಸ್ತಿ. ಮೂರೇ ವರ್ಷದಲ್ಲಿ 10% ಇಳಿದಿದೆ ಎಂದರೆ ಅದು ವಯಸ್ಸಲ್ಲ. ಹುಡುಕಲೇಬೇಕು.

ಗ್ರಾಫ್ ಓದುವುದು

ಮೋಡ ಇಲ್ಲದ ದಿನ ಗ್ರಾಫ್ ನುಣುಪಾದ ಗುಡ್ಡದ ಹಾಗಿರಬೇಕು. ಬೆಳಿಗ್ಗೆ ಮೆಲ್ಲಗೆ ಏರಿ, ನೆತ್ತಿಯ ಹೊತ್ತಿಗೆ ತುದಿ ಮುಟ್ಟಿ, ಹಾಗೇ ಇಳಿಯಬೇಕು. ಅದು ಎಲ್ಲಿ ಕೆಟ್ಟಿದೆ ನೋಡಿ.

ಗುಡ್ಡದ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿದ್ದು, ಆ ಮಟ್ಟ ಇನ್ವರ್ಟರ್‌ನ ಗರಿಷ್ಠ ವ್ಯಾಟ್‌ಗೆ ಸಮ ಇದ್ದರೆ ಚಿಂತೆ ಬೇಡ. ಇನ್ವರ್ಟರ್‌ಗಿಂತ ಪ್ಯಾನಲ್ ಜಾಸ್ತಿ ಹಾಕಿದ್ದಾರೆ, ಅಷ್ಟೇ. ಬೇಕೆಂದೇ ಹಾಗೆ ಮಾಡುತ್ತಾರೆ. ಚಪ್ಪಟೆ ಅದಕ್ಕಿಂತ ಕೆಳಗಿದ್ದರೆ ಯಾರೋ ಸೆಟ್ಟಿಂಗ್‌ನಲ್ಲಿ ಮಿತಿ ಹಾಕಿದ್ದಾರೆ, ಅಥವಾ ಇನ್ವರ್ಟರ್ ಬಿಸಿಯಾಗಿ ತಾನೇ ತಗ್ಗಿಸಿಕೊಳ್ಳುತ್ತಿದೆ. ದಿನವೂ ಒಂದೇ ಹೊತ್ತಿಗೆ ಒಂದೇ ಕಡೆ ಗುಳಿ ಬಿದ್ದರೆ ಅದು ನೆರಳು. ವಾರಗಳು ಕಳೆದಂತೆ ಆ ಗುಳಿ ನಿಧಾನವಾಗಿ ಆಚೀಚೆ ಸರಿಯುತ್ತದೆ. ಗರಗಸದ ಹಲ್ಲಿನಂತೆ ಸೊನ್ನೆಗೆ ಬಿದ್ದು ಬಿದ್ದು ಏಳುತ್ತಿದ್ದರೆ ಗ್ರಿಡ್ ವೋಲ್ಟೇಜ್. ನಿನ್ನೆವರೆಗೆ ಸರಿಯಿದ್ದದ್ದು ಇವತ್ತಿನಿಂದ ಒಂದು ಮೆಟ್ಟಿಲು ಇಳಿದು ಅಲ್ಲೇ ನಿಂತಿದ್ದರೆ ಫ್ಯೂಸ್, ಕನೆಕ್ಟರ್, ಡಯೋಡ್ (ಪ್ಯಾನಲ್‌ನ ಒಂದು ಭಾಗ ಕೆಲಸ ಮಾಡದಾಗ ಕರೆಂಟಿಗೆ ಪಕ್ಕದ ದಾರಿ ಕೊಡುವ ಬಿಡಿಭಾಗ) ಇಂಥದ್ದೇನೋ ಹೋಗಿದೆ. ವಾರಗಟ್ಟಲೆ ಮೆಲ್ಲಗೆ ಜಾರಿ, ಜೋರು ಮಳೆ ಬಂದ ಮರುದಿನ ಮೇಲೆದ್ದರೆ ಧೂಳು. ಮಳೆ ಬಂದ ಮರುದಿನ ಬೆಳಿಗ್ಗೆ ಮಾತ್ರ ತಡವಾಗಿ ಶುರುವಾದರೆ ವೈರಿನ ಇನ್ಸುಲೇಷನ್ (ಹೊದಿಕೆ) ದೋಷ.

ಗ್ರಿಡ್ ವೋಲ್ಟೇಜ್: ಒಳ್ಳೆಯ ಬಿಸಿಲಲ್ಲೇ ಕೈಕೊಡುವ ದೋಷ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಕಣ್ಣಿಗೆ ಕಾಣುವುದಿಲ್ಲ ಮತ್ತು ಇದರಲ್ಲಿ ಹೋಗುವುದು ದಿನದ ಅತ್ಯುತ್ತಮ ಗಂಟೆಗಳ ಯೂನಿಟ್. ನಮ್ಮಲ್ಲಿ ಅರ್ಧಂಬರ್ಧ ಮೋಡ ಇದ್ದ ಶನಿವಾರ 19 ಯೂನಿಟ್ ಬಂದಿತ್ತು. ಮರುದಿನ ಭಾನುವಾರ ಆಕಾಶ ಶುಭ್ರ, ಬಂದದ್ದು 14. ಬಿಸಿಲು ಜಾಸ್ತಿ ಆದಷ್ಟೂ ಯೂನಿಟ್ ಕಡಿಮೆ ಆಗುತ್ತಿದೆ ಅಂದರೆ ಅದು ಧೂಳು ಅಲ್ಲ, ನೆರಳೂ ಅಲ್ಲ.

ಆಗುವುದು ಇಷ್ಟು. ಇನ್ವರ್ಟರ್ ಗ್ರಿಡ್‌ಗೆ ಕರೆಂಟ್ ತಳ್ಳಬೇಕಾದರೆ ತನ್ನ ವೋಲ್ಟೇಜನ್ನು ಗ್ರಿಡ್‌ಗಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳಬೇಕು. ಮಧ್ಯದ ಕೇಬಲ್ ತೆಳ್ಳಗಿದ್ದಷ್ಟೂ, ಉದ್ದ ಇದ್ದಷ್ಟೂ ಆ ಅಂತರ ಹೆಚ್ಚು. 230 ವೋಲ್ಟ್ ಗ್ರಿಡ್‌ನಲ್ಲಿ 10% ಮೇಲೆ ಎಂದರೆ 253. ಬಹಳ ಕಡೆ ಮಿತಿ ಅದರ ಆಸುಪಾಸಿನಲ್ಲೇ ಇರುತ್ತದೆ. ಅದನ್ನು ದಾಟಿದರೆ ಇನ್ವರ್ಟರ್ ನಿಯಮದ ಪ್ರಕಾರ ಕಳಚಿಕೊಳ್ಳಬೇಕು, ಕಳಚಿಕೊಳ್ಳುತ್ತದೆ. ಆಮೇಲೆ ಒಂದರಿಂದ ಐದು ನಿಮಿಷ ಕಾದು ಮತ್ತೆ ಸೇರುತ್ತದೆ, ಮತ್ತೆ ಏರುತ್ತದೆ, ಮತ್ತೆ ಬೀಳುತ್ತದೆ. ಗರಗಸದ ಹಲ್ಲು ಮೂಡುವುದು ಹೀಗೆ. ಕೆಲವು ಇನ್ವರ್ಟರ್‌ಗಳು ಪೂರ್ತಿ ಬೀಳದೆ, ವೋಲ್ಟೇಜ್ ಏರಿದಂತೆ ವ್ಯಾಟ್ ತಗ್ಗಿಸಿಕೊಳ್ಳುತ್ತವೆ. ಅಲ್ಲಿ ಹಲ್ಲು ಕಾಣುವುದಿಲ್ಲ, ಗುಡ್ಡದ ನೆತ್ತಿ ಕುಸಿದಂತೆ ಕಾಣುತ್ತದೆ. ರಜಾದಿನ ಇದು ಹೆಚ್ಚು: ಸುತ್ತಮುತ್ತ ಬಳಕೆ ಕಡಿಮೆ, ಬೀದಿಯ ಉಳಿದ ಸೋಲಾರ್‌ಗಳೂ ಅದೇ ಹೊತ್ತಿಗೆ ತಳ್ಳುತ್ತಿರುತ್ತವೆ.

ಪರೀಕ್ಷೆ ಹೀಗೆ ಮಾಡಿ. ನೆತ್ತಿಬಿಸಿಲಲ್ಲಿ, ಇನ್ವರ್ಟರ್ ಪೂರ್ತಿ ಕೊಡುತ್ತಿರುವಾಗ ಅದರ ಪರದೆಯಲ್ಲಿ ಏಸಿ ವೋಲ್ಟೇಜ್ ಬರೆದುಕೊಳ್ಳಿ. ಅದೇ ನಿಮಿಷದಲ್ಲಿ ಇನ್ನೊಬ್ಬರು ಮೀಟರ್ ಹತ್ತಿರದ ವೋಲ್ಟೇಜ್ ಬರೆದುಕೊಳ್ಳಲಿ. ನಮ್ಮಲ್ಲಿ ಇನ್ವರ್ಟರ್ ಹತ್ತಿರ 253, ಮೀಟರ್ ಹತ್ತಿರ 246.5. ನಡುವಿನ 6.5 ವೋಲ್ಟ್ ಪೂರ್ತಿ ನಮ್ಮದೇ ವೈರಿಂಗ್‌ನದು. ಕೇಬಲ್ 40 ಮೀಟರ್ ಉದ್ದ, 4 ಸ್ಕ್ವೇರ್ ಎಂಎಂ ತಾಮ್ರ. ಹೋಗಿ ಬರುವ ದಾರಿ ಸೇರಿ ಅದರ ರೆಸಿಸ್ಟೆನ್ಸ್ 0.35 ಓಮ್, ಬಿಸಿಯಾದಾಗ ಇನ್ನೂ ಸ್ವಲ್ಪ ಜಾಸ್ತಿ. ಅದರಲ್ಲಿ 17.4 ಆಂಪಿಯರ್ ಹರಿಯುತ್ತಿತ್ತು. ಗುಣಿಸಿ ನೋಡಿ, ಅಷ್ಟೇ ವೋಲ್ಟ್ ಬರುತ್ತದೆ. ಮಧ್ಯಾಹ್ನದ ಹೊತ್ತು 100 ವ್ಯಾಟ್‌ಗೂ ಮೇಲೆ ಆ ಕೇಬಲ್ ಬಿಸಿಮಾಡಲಿಕ್ಕೇ ಖರ್ಚಾಗುತ್ತಿತ್ತು. ಎಂಸಿಬಿ ಬಾಕ್ಸ್ ತೆರೆದಾಗ ನ್ಯೂಟ್ರಲ್ ಸ್ಕ್ರೂ ಹತ್ತಿರ ವೈರಿನ ಕಪ್ಪು ಹೊದಿಕೆ ಬೂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಉಗುರಿನಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹಾಕಿದವರು ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ. 10 ಸ್ಕ್ವೇರ್ ಎಂಎಂ ಹಾಕಿದ ಮೇಲೆ ಅಂತರ 2.5 ವೋಲ್ಟ್‌ಗೆ ಇಳಿಯಿತು.

ಅಂತರ ಎರಡು ಮೂರು ವೋಲ್ಟ್ ಒಳಗಿದ್ದು, ಮೀಟರ್ ಹತ್ತಿರವೇ 250 ತೋರಿಸುತ್ತಿದ್ದರೆ? ಇನ್ವರ್ಟರ್ ಆಫ್ ಮಾಡಿ ಮತ್ತೆ ಮೀಟರ್ ಹತ್ತಿರ ಅಳೆಯಿರಿ. ಆಗಲೂ ಹಾಗೇ ಇದ್ದರೆ ಅದು ವಿದ್ಯುತ್ ಕಂಪನಿ ಸರಿಪಡಿಸಬೇಕಾದದ್ದು. ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ (ಹೊರಬರುವ ವೋಲ್ಟೇಜ್ ಹೊಂದಿಸುವ ಜೋಡಣೆ) ಬದಲಿಸಬೇಕಾಗಬಹುದು. ದಿನಾಂಕ, ಗಂಟೆ, ವೋಲ್ಟೇಜ್ ಬರೆದ ಒಂದು ವಾರದ ಪಟ್ಟಿ ಕೊಡಿ. ಸುಮ್ನೆ ಬಾಯಲ್ಲಿ ಹೇಳಿದರೆ ಯಾರೂ ಬಂದು ನೋಡುವುದಿಲ್ಲ. ಇನ್ವರ್ಟರ್‌ನಲ್ಲಿ ಯಾವ ದೇಶದ ಸೆಟ್ಟಿಂಗ್ ಇದೆ ಎಂಬುದನ್ನೂ ಒಮ್ಮೆ ನೋಡಿಸಿ. ತಪ್ಪು ದೇಶ ಆರಿಸಿದ್ದರೆ ವೋಲ್ಟೇಜ್ ಮಿತಿಯೂ ತಪ್ಪೇ. ಆದರೆ ಆ ಮಿತಿಯನ್ನು ನೀವೇ ಮೇಲೇರಿಸಲು ಹೋಗಬೇಡಿ. ಮನೆಯ ಉಳಿದ ಸಾಮಾನುಗಳನ್ನೂ ಅದೇ ಕಾಯುತ್ತಿರುತ್ತದೆ.

ಡಿಸಿ ಕಡೆ: ಮುಟ್ಟುವ ಮೊದಲು

ದಯವಿಟ್ಟು ಇದನ್ನು ಓದದೆ ಮುಂದೆ ಹೋಗಬೇಡಿ. ಬೆಳಕಿರುವಷ್ಟು ಹೊತ್ತೂ ಪ್ಯಾನಲ್ ಜೀವಂತ. ಸ್ವಿಚ್ ಆಫ್ ಮಾಡಿದರೂ ಪ್ಯಾನಲ್ ಕಡೆಯ ವೈರಿನಲ್ಲಿ ನೂರಾರು ವೋಲ್ಟ್ ಡಿಸಿ ಇದ್ದೇ ಇರುತ್ತದೆ. ಮೊದಲು ಏಸಿ (ಗ್ರಿಡ್ ಕಡೆಯ) ಸ್ವಿಚ್ ಆಫ್, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನಲ್ ಕಡೆಯ ಸ್ವಿಚ್) ಆಫ್, ಅದಾದ ಮೇಲೇ ಉಳಿದದ್ದು. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಆರ್ಕ್ ಹೊತ್ತಿಕೊಳ್ಳುತ್ತದೆ, ಏಸಿ ಕಿಡಿಯ ಹಾಗೆ ಅದು ತಾನಾಗಿ ಆರುವುದಿಲ್ಲ. ನಿಮಗೆ ಇದು ದಿನದ ಕೆಲಸ ಅಲ್ಲದಿದ್ದರೆ ಇನ್ವರ್ಟರ್ ಪರದೆಯ ಸಂಖ್ಯೆಗಳನ್ನು ಬರೆದುಕೊಂಡು ಅಳತೆಯನ್ನು ಗೊತ್ತಿರುವವರಿಂದ ಮಾಡಿಸಿ. ಅವರು ಏನು ಅಳೆಯಬೇಕು ಎಂಬುದು ನಿಮಗೆ ತಿಳಿದಿದ್ದರೆ ಸಾಕು.

ಎರಡು ಸ್ಟ್ರಿಂಗ್ (ಒಂದರ ಹಿಂದೆ ಒಂದು ಜೋಡಿಸಿದ ಪ್ಯಾನಲ್‌ಗಳ ಸಾಲು) ಇದ್ದು ಎರಡೂ ಒಂದೇ ದಿಕ್ಕಿಗೆ, ಒಂದೇ ಸಂಖ್ಯೆಯ ಪ್ಯಾನಲ್‌ನಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದೇ ನಿಮಿಷದಲ್ಲಿ ಎರಡರ ಕರೆಂಟ್, ವೋಲ್ಟೇಜ್ ಹೋಲಿಸಿ. ಕ್ಲ್ಯಾಂಪ್ ಮೀಟರ್ ಬಳಸುವುದಾದರೆ ಅದು ಡಿಸಿ ಅಳೆಯುತ್ತದೆಯೇ ನೋಡಿಕೊಳ್ಳಿ, ಅಗ್ಗದವು ಏಸಿ ಮಾತ್ರ ಅಳೆಯುತ್ತವೆ. ಕರೆಂಟ್ ಬೆಳಕನ್ನು ಹಿಂಬಾಲಿಸುತ್ತದೆ, ವೋಲ್ಟೇಜ್ ಎಷ್ಟು ಸೆಲ್ ಕೆಲಸ ಮಾಡುತ್ತಿದೆ ಎಂಬುದನ್ನು ಹೇಳುತ್ತದೆ. ಹಾಗಾಗಿ ಕರೆಂಟ್ ಕಡಿಮೆ ಇದ್ದರೆ ಕೊಳೆ ಅಥವಾ ನೆರಳಿನ ಕಡೆ ನೋಡಿ. ವೋಲ್ಟೇಜ್ ಕಡಿಮೆ ಇದ್ದರೆ ಡಯೋಡ್ ಕಡೆ. ಕರೆಂಟ್ ಪೂರ್ತಿ ಸೊನ್ನೆ ಇದ್ದರೆ ಫ್ಯೂಸ್ ಹೋಗಿದೆ ಅಥವಾ ಎಲ್ಲೋ ಕನೆಕ್ಟರ್ ಬಿಚ್ಚಿಕೊಂಡಿದೆ.

ಒಂದೇ ಸ್ಟ್ರಿಂಗ್ ಇದ್ದರೆ ಹೋಲಿಸಲು ಲೆಕ್ಕವೇ ಗತಿ. 10 ಪ್ಯಾನಲ್, ಪ್ರತಿಯೊಂದರ ಹಿಂದೆ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟ್ ಹರಿಯದಿರುವಾಗಿನ ವೋಲ್ಟೇಜ್) 46 ಎಂದಿದೆ ಅಂದುಕೊಳ್ಳಿ. ಒಟ್ಟು 460. ಆದರೆ ಅದು 25 ಡಿಗ್ರಿಯ ಮಾತು. ಪ್ಯಾನಲ್ ಬೆನ್ನು 55 ಡಿಗ್ರಿ ಇದ್ದರೆ, ಡಿಗ್ರಿಗೆ 0.3% ಲೆಕ್ಕದಲ್ಲಿ 9% ಕಳೆಯಿರಿ. ಸುಮಾರು 419 ಬರಬೇಕು. ಮಲ್ಟಿಮೀಟರ್ 405 ತೋರಿಸಿತು. 14 ವೋಲ್ಟ್ ಎಲ್ಲಿ ಹೋಯಿತು? ಸಾಮಾನ್ಯವಾಗಿ ಒಂದು ಪ್ಯಾನಲ್‌ನಲ್ಲಿ ಮೂರು ಬೈಪಾಸ್ ಡಯೋಡ್ ಇರುತ್ತವೆ, ಒಂದೊಂದರ ಪಾಲಿಗೆ ಮೂರನೇ ಒಂದು ಭಾಗ ಸೆಲ್. 46ರಲ್ಲಿ ಮೂರನೇ ಒಂದು ಭಾಗ, ಬಿಸಿಯ ನಷ್ಟ ಕಳೆದು, ಸರಿಯಾಗಿ 14. ಒಂದು ಡಯೋಡ್ ಶಾರ್ಟ್ ಆಗಿದೆ. ಯಾವ ಪ್ಯಾನಲ್ ಎಂದು ತಿಳಿಯಲು ಥರ್ಮಲ್ ಕ್ಯಾಮೆರಾ ಸಾಕು: ಕೊಡಬೇಕಾದ ವಿದ್ಯುತ್ ಹೊರಗೆ ಹೋಗದೆ ಅಲ್ಲೇ ಶಾಖವಾಗುವುದರಿಂದ ಆ ಮೂರನೇ ಒಂದು ಭಾಗ ಉದ್ದ ಪಟ್ಟಿಯಾಗಿ ಉಳಿದದ್ದಕ್ಕಿಂತ ಬೆಚ್ಚಗೆ ಕಾಣುತ್ತದೆ. ನಷ್ಟ 3%ರ ಹತ್ತಿರ, ಚಿಕ್ಕದು ಅನ್ನಿಸಬಹುದು. ಆದರೆ ಸಿಡಿಲಿನ ಹೊಡೆತಕ್ಕೆ ಡಯೋಡ್ ಹೋಗಿದ್ದರೆ ಒಂದೇ ಹೋಗಿರುವುದು ಅಪರೂಪ, ಉಳಿದವನ್ನೂ ನೋಡಿಸಿ.

ಕನೆಕ್ಟರ್‌ಗಳ ಬಗ್ಗೆ ಒಂದು ಮಾತು. ಪ್ಯಾನಲ್ ವೈರ್ ಜೋಡಿಸುವ ಎಂಸಿ4 ಕನೆಕ್ಟರ್ ಥರ ಕಾಣುವುದೆಲ್ಲ ಒಂದೇ ಅಲ್ಲ. ಬೇರೆ ಬೇರೆ ಕಂಪನಿಯ ಗಂಡು ಹೆಣ್ಣು ಕನೆಕ್ಟರ್ ಸೇರಿಸಿದರೆ ಟಕ್ ಎಂದು ಕೂತಂತೆ ಅನ್ನಿಸುತ್ತದೆ, ಒಳಗಿನ ಲೋಹ ಮಾತ್ರ ಸರಿಯಾಗಿ ಮುಟ್ಟಿರುವುದಿಲ್ಲ. ಕ್ರಿಂಪ್ (ವೈರನ್ನು ಲೋಹಕ್ಕೆ ಒತ್ತಿ ಕೂರಿಸಿದ ಜಾಗ) ಸಡಿಲ ಇದ್ದರೂ ಇದೇ ಕಥೆ. ಮೊದಲು ಬಿಸಿ, ಆಮೇಲೆ ಪ್ಲಾಸ್ಟಿಕ್ ಸೊಟ್ಟಗಾಗುವುದು, ಕೊನೆಗೆ ಬೆಂಕಿ. ಸೊಟ್ಟಗಾದ ಅಥವಾ ಬಣ್ಣ ಕೆಟ್ಟ ಕನೆಕ್ಟರ್ ಕಂಡರೆ ಕೈಯಿಂದ ಮುಟ್ಟಿ ನೋಡಬೇಡಿ, ಸಿಸ್ಟಮ್ ಆಫ್ ಮಾಡಿ ಅವತ್ತೇ ಜನ ಕರೆಸಿ.

ಮಳೆ ಬಂದ ಮರುದಿನ ಏಳದ ಇನ್ವರ್ಟರ್

ಬಹುತೇಕ ಇನ್ವರ್ಟರ್‌ಗಳು ದಿನವೂ ಬೆಳಿಗ್ಗೆ ಗ್ರಿಡ್‌ಗೆ ಸೇರುವ ಮೊದಲು ಡಿಸಿ ವೈರಿಗೂ ಭೂಮಿಗೂ ನಡುವೆ ಎಷ್ಟು ರೆಸಿಸ್ಟೆನ್ಸ್ ಇದೆ ಎಂದು ಅಳೆಯುತ್ತವೆ. ಮಿತಿಗಿಂತ ಕಡಿಮೆ ಇದ್ದರೆ ಇನ್ಸುಲೇಷನ್ ದೋಷ ಎಂದು ತೋರಿಸಿ ಸುಮ್ಮನಾಗುತ್ತವೆ. ಹತ್ತು ಗಂಟೆಗೆ ಎಲ್ಲ ಒಣಗಿದ ಮೇಲೆ ತಾನಾಗಿ ಶುರುವಾಗುತ್ತದೆ, ನಾವು ಸರಿಹೋಯಿತು ಅಂದುಕೊಳ್ಳುತ್ತೇವೆ. ಸರಿಹೋಗಿರುವುದಿಲ್ಲ. ಎಲ್ಲೋ ಇಲಿ ಅಥವಾ ಅಳಿಲು ವೈರ್ ಕಡಿದಿರುತ್ತದೆ, ಇಲ್ಲವೇ ಫ್ರೇಮಿನ ಚೂಪು ಅಂಚಿಗೆ ವೈರ್ ಉಜ್ಜಿ ಉಜ್ಜಿ ಸಿಪ್ಪೆ ಹೋಗಿರುತ್ತದೆ, ಅಥವಾ ನೀರು ನಿಲ್ಲುವ ಕಡೆ ಕನೆಕ್ಟರ್ ಬಿದ್ದುಕೊಂಡಿರುತ್ತದೆ.

ಜಾಗ ಹುಡುಕಲು ಒಂದು ಸೊಗಸಾದ ವಿಧಾನವಿದೆ. ದೋಷ ಇರುವಾಗಲೇ, ಅಂದರೆ ಒದ್ದೆ ಇರುವಾಗಲೇ, ಡಿಸಿ ಐಸೊಲೇಟರ್ ಆಫ್ ಮಾಡಿ ಪ್ಯಾನಲ್ ಕಡೆಯ ಪ್ಲಸ್‌ನಿಂದ ಅರ್ತ್‌ಗೆ, ಮೈನಸ್‌ನಿಂದ ಅರ್ತ್‌ಗೆ ವೋಲ್ಟೇಜ್ ಅಳೆಯಬೇಕು. ಒದ್ದೆಯಲ್ಲಿ ಮಾಡುವ ಕೆಲಸ ಆದ್ದರಿಂದ ತಂತ್ರಜ್ಞರೇ ಮಾಡಲಿ. ದೋಷ ಇಲ್ಲದಿದ್ದರೆ ಎರಡೂ ಸೊನ್ನೆಯ ಕಡೆ ಇಳಿದುಹೋಗುತ್ತವೆ. ದೋಷ ಇದ್ದರೆ ನಿಲ್ಲುತ್ತವೆ. 10 ಪ್ಯಾನಲ್ ಸ್ಟ್ರಿಂಗ್, ಒಟ್ಟು 400 ವೋಲ್ಟ್. ಪ್ಲಸ್ ಕಡೆ 280, ಮೈನಸ್ ಕಡೆ 120 ನಿಂತಿತು ಎನ್ನಿ. ಒಂದು ಪ್ಯಾನಲ್‌ಗೆ 40 ವೋಲ್ಟ್, 120 ಎಂದರೆ ಮೂರು ಪ್ಯಾನಲ್. ಮೈನಸ್ ತುದಿಯಿಂದ ಮೂರನೇ ಮತ್ತು ನಾಲ್ಕನೇ ಪ್ಯಾನಲ್ ನಡುವಿನ ವೈರ್ ನೋಡಿ. ಹತ್ತು ಪ್ಯಾನಲ್ ಬಿಚ್ಚುವ ಕೆಲಸ ಉಳಿಯಿತು ಅಲ್ವಾ?

ಕೊಳೆ, ನೆರಳು, ಬಿಸಿ

ಇಡೀ ಪ್ಯಾನಲ್ ಮೇಲೆ ಸಮವಾಗಿ ಕೂತ ತೆಳು ಧೂಳಿಗಿಂತ ಕೆಳ ಅಂಚಿನಲ್ಲಿ ಗಟ್ಟಿಯಾದ ಎರಡು ಬೆರಳಿನ ಕೆಸರಿನ ಪಟ್ಟಿ ಜಾಸ್ತಿ ಹಾಳು. ಇಳಿಜಾರು ಕಡಿಮೆ ಇದ್ದರೆ ನೀರು ಅಲ್ಲೇ ನಿಂತು ಒಣಗುತ್ತದೆ. ಹಳೆಯ ಮಾದರಿಯ ಪ್ಯಾನಲ್ ನೆಟ್ಟಗೆ ನಿಲ್ಲಿಸಿದ್ದರೆ ಆ ಪಟ್ಟಿ ಮೂರೂ ಡಯೋಡಿನ ಸೆಲ್‌ಗಳನ್ನು ಒಟ್ಟಿಗೆ ಮುಚ್ಚುತ್ತದೆ. ಅಡ್ಡ ಮಲಗಿಸಿದ್ದರೆ ಒಂದೇ ಭಾಗ ಹೋಗುತ್ತದೆ. ಹಾಫ್ ಕಟ್ ಪ್ಯಾನಲ್ (ಅರ್ಧ ಕತ್ತರಿಸಿದ ಸೆಲ್‌ಗಳನ್ನು ಎರಡು ಭಾಗವಾಗಿ ಜೋಡಿಸಿದ್ದು) ನೆಟ್ಟಗಿದ್ದರೆ ಮೇಲಿನ ಅರ್ಧ ಬಚಾವ್. ಹಕ್ಕಿಯ ಹಿಕ್ಕೆಯೂ ಹೀಗೇ, ಚಿಕ್ಕದು ಅಂತ ಬಿಡಬೇಡಿ. ಒಂದು ಸೆಲ್ ಮುಚ್ಚಿದರೆ ಅದರ ಜೊತೆಗಿರುವ ಸಾಲಿಗೆಲ್ಲ ಪೆಟ್ಟು. ತೊಳೆಯುವುದು ಬೆಳಿಗ್ಗೆ ಬೇಗ ಅಥವಾ ಸಂಜೆ, ಗಾಜು ತಣ್ಣಗಿರುವಾಗ. ಮೃದು ಬಟ್ಟೆ, ಮೆತ್ತನೆ ಬ್ರಷ್, ಬರೀ ನೀರು. ಗಡಸು ನೀರಾದರೆ ಒರೆಸಿಬಿಡಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ. ತೊಳೆದದ್ದರಿಂದ ಲಾಭ ಆಯಿತೋ ಇಲ್ಲವೋ ನೋಡಲು ಎಲ್ಲವನ್ನೂ ಒಟ್ಟಿಗೆ ತೊಳೆಯದೆ ಒಂದು ಸ್ಟ್ರಿಂಗ್ ಮಾತ್ರ ತೊಳೆದು, ಮರುದಿನ ಎರಡನ್ನೂ ಹೋಲಿಸಿ.

ಇನ್ವರ್ಟರ್ ಬಿಸಿಯ ಪರೀಕ್ಷೆ ಸುಲಭ. ಚಪ್ಪಟೆ ಕಾಣುವ ಹೊತ್ತಿನಲ್ಲಿ ಅದರೆದುರು ಒಂದು ಫ್ಯಾನ್ ಇಡಿ. ಅರ್ಧ ಗಂಟೆಯಲ್ಲಿ ವ್ಯಾಟ್ ಏರಿದರೆ ಕಾರಣ ಸಿಕ್ಕಿತು. ಹಿಂದಿನ ರೆಕ್ಕೆಗಳಲ್ಲಿ ಧೂಳು ತುಂಬಿರುತ್ತದೆ, ಇಲ್ಲವೇ ಸಂಜೆ ಬಿಸಿಲು ನೇರ ಅದರ ಮೇಲೆ ಬೀಳುತ್ತಿರುತ್ತದೆ.

ಹಾಕಿದವರನ್ನು ಕರೆಯುವಾಗ

ಕಡಿಮೆ ಕೊಡುತ್ತಿದೆ ಎಂದಷ್ಟೇ ಹೇಳಬೇಡಿ. ಮೋಡ ಇಲ್ಲದ ದಿನದ ಎರಡು ಗ್ರಾಫ್ ಕಳಿಸಿ, ಒಂದು ಸರಿಯಿದ್ದಾಗಿನದು, ಒಂದು ಈಗಿನದು. ದೋಷದ ಕೋಡ್, ಅದು ಬಂದ ಗಂಟೆ, ಸ್ಟ್ರಿಂಗ್ ವೋಲ್ಟೇಜ್, ಅಳೆದಾಗ ಪ್ಯಾನಲ್ ಎಷ್ಟು ಬಿಸಿಯಿತ್ತು ಎಂಬುದು, ಪ್ಯಾನಲ್ ಮತ್ತು ಇನ್ವರ್ಟರ್‌ನ ಸೀರಿಯಲ್ ನಂಬರ್ ಫೋಟೋ, ಇವಿಷ್ಟು ಇರಲಿ. ವಾರಂಟಿ ಕೇಳುವಾಗಲೂ ಬೇಕಾಗುವುದು ಇವೇ. ರಿಪೇರಿ ಆದ ಮೇಲೆ ಮತ್ತೊಂದು ಶುಭ್ರ ದಿನ ಕಾದು, ಮೂರನೇ ಗ್ರಾಫ್ ತೆಗೆದು ಮೊದಲನೆಯದರ ಪಕ್ಕ ಇಟ್ಟು ನೋಡಿದ ಮೇಲೇ ಬಾಕಿ ಹಣ ಕೊಡಿ. ನಮ್ಮಲ್ಲಿ ಕೇಬಲ್ ಬದಲಿಸಿದ ನಂತರದ ಮೊದಲ ಶುಭ್ರ ಭಾನುವಾರ ಇನ್ವರ್ಟರ್ ಹತ್ತಿರ ವೋಲ್ಟೇಜ್ 249 ದಾಟಲಿಲ್ಲ. ಗ್ರಾಫ್ ಬೆಳಿಗ್ಗೆಯಿಂದ ಸಂಜೆವರೆಗೆ ಒಮ್ಮೆಯೂ ಸೊನ್ನೆಗೆ ಬೀಳಲಿಲ್ಲ, 22 ಯೂನಿಟ್ ಬಂತು.